ಮೆಲ್ಲಗೆ ಬಾರಿಸಿದ ಬ್ಯಾಂಜೋ

“ಏಳ್ ಬೇ ಯವ್ವಾ! ಬ್ಯಾಂಜೋ ಗಾಡಿ ಬಂತು!”

ಅಂಬಿಕಾ ಅವ್ವನ ಭುಜ ಹಿಡಿದು ಅಲುಗಾಡಿಸಿದಳು. ಜವಳಗೇರಾದ ಮದುವೆಮನೆಯ ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದ ಗದ್ದೆಮ್ಮ ಅರ್ಧ ಕಣ್ಣು ತೆರೆದಳು.

“ಹೂಂ, ಕೇಳಾಕತ್ತೀನಿ. ಚಲೋ ಬಾರಸಾಕತ್ತಾರ.”

ಬಾರಿಸುವುದು ಇನ್ನೂ ಶುರುವೇ ಆಗಿರಲಿಲ್ಲ!

ಕಾಲುವೆಗೆ ನೀರು ಬಂದಿತ್ತು. ಅವರ ಊರು ವಳಕಮದಿನ್ನಿಯ ಹೆಂಗಸರೆಲ್ಲ ಗದ್ದೆಯಲ್ಲೇ ಇದ್ದರು. ಗದ್ದೆಮ್ಮನೂ ಬೆಳಗಿನಿಂದ ಬಗ್ಗಿ ಭತ್ತದ ಸಸಿ ನೆಟ್ಟಿದ್ದಳು. ಸಂಜೆ ಮನೆಗೆ ಬಂದವಳೇ ಕಾಲು ತೊಳೆದು, ಸೀರೆ ಬದಲಿಸಿ, “ನಡಿ, ಮಾತು ಕೊಟ್ಟೀನಲ್ಲ” ಎಂದು ಮಗಳನ್ನು ಟಂಟಂ ಆಟೋ ಹತ್ತಿಸಿದ್ದಳು. ಉಗುರಿನ ಸಂದಿಯ ಕೆಸರು ಹಾಗೇ ಉಳಿದಿತ್ತು.

ಮಸ್ಕಿಯ ಬಿಜಲಿ ಬ್ಯಾಂಜೋ ಪಾರ್ಟಿ ಅಂದರೆ ಅಂಬಿಕಾಗೆ ಜೀವ. ಅದರಲ್ಲೂ ಬ್ಯಾಂಜೋ ಬಾರಿಸುವ ಜಾಹೀದ್. ಅವನ ಬೆರಳು ಗುಂಡಿಗಳ ಮೇಲೆ ಓಡುವ ವಿಡಿಯೋಗಳನ್ನು ಅವ್ವನ ಮೊಬೈಲಿನಲ್ಲಿ ಚಾರ್ಜ್ ಮುಗಿಯುವ ತನಕ ನೋಡುತ್ತಿದ್ದಳು. ಯಾರಾದರೂ ಹಾಡು ಕೇಳಿದರೆ, ಜಾಹೀದ್ ಮೊದಲು ಅವರ ಹೆಸರನ್ನು ಮೈಕಿನಲ್ಲಿ ಕೂಗಿ ಆಮೇಲೆ ಬಾರಿಸುತ್ತಿದ್ದ. ಅದಕ್ಕೇ ಅಂಬಿಕಾ ಐದನೇ ಕ್ಲಾಸಿನ ಎಲ್ಲರ ಮುಂದೆ, “ಜವಳಗೇರಾದಾಗ ನನ್ನ ಹೆಸರು ಮೈಕಿನಾಗ ಬರತೈತಿ, ನೋಡ್ರಿ ಬೇಕಾದ್ರ!” ಎಂದು ಹೇಳಿಬಿಟ್ಟಿದ್ದಳು.

ಅದನ್ನು ನೋಡಲೆಂದೇ ಕ್ಲಾಸಿನ ಮಹೇಶ್ವರಿ ಕೈ ಕಟ್ಟಿ ನಿಂತಿದ್ದಳು. ಮದುಮಗಳು ಅವಳ ಚಿಕ್ಕಮ್ಮ.

“ಏನ್ ಬೇ ಅಂಬಿ, ನಿಮ್ಮವ್ವ ಬ್ಯಾಂಜೋ ಕೇಳಾಕ ಬಂದಾಳೋ, ಮಕ್ಕೊಳ್ಳಾಕ ಬಂದಾಳೋ?”

ಅಂಬಿಕಾಗೆ ಅವ್ವನ ಮೇಲೆ ಸಿಟ್ಟು ಬಂತು. ತಿರುಗಿ ನೋಡದೆ ಗಾಡಿಯ ಹತ್ತಿರ ಓಡಿದಳು.

ಬ್ಯಾಂಜೋ ಶುರುವಾದದ್ದೇ ತಡ, ಎದೆಯೊಳಗೇ ಯಾರೋ ಕುಣಿದಂತಾಯಿತು. ಹುಡುಗರು ದೂಳೆಬ್ಬಿಸಿ ಕುಣಿದರು. ಅಂಬಿಕಾ ಕೈ ಎತ್ತಿ, “ಅಣ್ಣಾ! ನಂದು! ನಂದು!” ಎಂದು ಕೂಗಿದಳು. ದೊಡ್ಡ ಹುಡುಗರ “ಒನ್ಸ್ ಮೋರ್” ಗದ್ದಲದಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಒಂದಾದ ಮೇಲೊಂದು ಹಾಡು ಮುಗಿದವು. ಕೂಗಿ ಕೂಗಿ ಗಂಟಲು ಕಟ್ಟಿತು, ಕಾಲು ಸೋತವು.

ಚಹಾಕ್ಕೆಂದು ಬ್ಯಾಂಜೋ ನಿಂತಾಗ ಅವಳು ಗಾಡಿಯ ಹಿಂದೆ ಹೋದಳು. ಜಾಹೀದ್ ಒಂದು ಡಬ್ಬದ ಮೇಲೆ ಕೂತಿದ್ದ. ಚಹಾ ಪಕ್ಕದಲ್ಲೇ ಆರುತ್ತಿತ್ತು. ಬೆರಳ ತುದಿಗಳಿಗೆ ಬಿಳಿ ಪಟ್ಟಿ. ಕಣ್ಣು ಮುಚ್ಚಿದ್ದವು. ಆದರೆ ಬೆರಳು ಮಾತ್ರ ಮೊಣಕಾಲಿನ ಮೇಲೆ ತಟತಟ ಓಡುತ್ತಲೇ ಇದ್ದವು.

“ಏನವ್ವ, ಏನ್ ಬೇಕಾಗಿತ್ತು?” ಡ್ರಮ್ ಬಾರಿಸುವ ಶಿವರಾಜ ಮೆಲ್ಲಗೆ ಕೇಳಿದ.

“ಹಾಡು ಹೇಳೂದಿತ್ರಿ...”

“ಮುಂಜಾನಿಂದ ಲಿಂಗಸುಗೂರಾಗ ಬಾರಿಸಿ ಸೀದಾ ಇಲ್ಲಿಗೆ ಬಂದೀವಿ. ಜರಾ ಮಕ್ಕೊಳ್ಳಲಿ ಬಿಡು. ಅವನ ಬೆರಳು ನೋಡು, ನಿದ್ದ್ಯಾಗೂ ಡ್ಯೂಟಿ ಮಾಡಾಕತ್ತಾವ!”

ಅಂಬಿಕಾಗೆ ನಗು ಬಂತು. ಆ ಬೆರಳುಗಳನ್ನು ಇನ್ನಷ್ಟು ಹೊತ್ತು ನೋಡಿದಳು. ನಗು ನಿಂತಿತು. ಎಬ್ಬಿಸದೆ ಅವ್ವನ ಹತ್ತಿರ ಬಂದಳು.

ಗದ್ದೆಮ್ಮ ಕಂಬದಿಂದ ಜಾರಿ ಚಾಪೆಯ ಮೇಲೆ ಮಲಗಿದ್ದಳು. ತಲೆಯ ಹತ್ತಿರವೇ ಆಳೆತ್ತರದ ಸ್ಪೀಕರ್. ಅವಳ ಬಲಗೈ ಬೆರಳುಗಳು ಏನನ್ನೋ ಚಿವುಟಿ ಹಿಡಿದು ಚಾಪೆಗೆ ಒತ್ತುತ್ತಿದ್ದವು. ಎತ್ತಿ, ಚಿವುಟಿ, ಮತ್ತೆ ಒತ್ತುತ್ತಿದ್ದವು. ಅವ್ವ ನಿದ್ದೆಯಲ್ಲಿ ಸಸಿ ನೆಡುತ್ತಿದ್ದಳು.

ಅಂಬಿಕಾ ಮೊಣಕಾಲೂರಿ ಅಲ್ಲೇ ಕೂತಳು.

“ಊಟಕ್ಕ ಎಲಿ ಹಾಕಬೇಕ್ರೆಪಾ, ಇನ್ನ ಒಂದೇ ಹಾಡು!” ಮದುವೆಮನೆಯ ಹಿರಿಯರು ಕೂಗಿದರು. ಹುಡುಗರೆಲ್ಲ ಗಾಡಿಗೆ ಮುತ್ತಿದರು. ಶಿವರಾಜ ಜಾಹೀದನ ಕಿವಿಯಲ್ಲಿ ಏನೋ ಹೇಳಿದ. ಜಾಹೀದ್ ಮೈಕ್ ಹಿಡಿದು ಅತ್ತಿತ್ತ ನೋಡಿದ.

“ಗಾಡಿ ಹಿಂದ ಬಂದಿದ್ದ ಆ ಹುಡುಗಿ ಎಲ್ಲಿ? ಈ ಹಾಡು ಆಕಿದು. ಬಾರವ್ವ, ನಿನ್ನ ಹೆಸರೇನು?”

ಎಲ್ಲರೂ ತಿರುಗಿ ನೋಡಿದರು. ಮಹೇಶ್ವರಿಯೂ ಕಟ್ಟಿದ ಕೈ ಬಿಟ್ಟಳು. ಅಂಬಿಕಾ ಓಡಿಹೋಗಿ ಗಾಡಿಯ ಅಂಚು ಹಿಡಿದು ನಿಂತಳು. ಅತಿ ಫಾಸ್ಟಾದ ಕುಣಿಯುವ ಹಾಡನ್ನು ಕೇಳಬೇಕೆಂದು ವಾರದಿಂದ ಅಂದುಕೊಂಡಿದ್ದಳು.

“ಅಣ್ಣಾ, ಮೈಕ್ ಆ ಕಡೆ ಮಾಡ್ರಿ,” ಎಂದಳು ಪಿಸುದನಿಯಲ್ಲಿ. “ಹೆಸರು ಕೂಗಬ್ಯಾಡ್ರಿ. ಮೆಲ್ಲಕ ಬಾರಸೂದು ಯಾವುದರ ಇದ್ರ ಬಾರಸ್ರಿ. ನಮ್ಮವ್ವ ಮಕ್ಕೊಂಡಾಳ.”

ಜಾಹೀದ್ ಕಂಬದ ಕಡೆ ನೋಡಿದ. ಬಗ್ಗಿ ಸ್ಪೀಕರಿನ ದನಿ ತಗ್ಗಿಸಿದ. ಶಿವರಾಜ ಡ್ರಮ್ಮಿನ ಕೋಲು ಕೆಳಗಿಟ್ಟ. ಬ್ಯಾಂಜೋ ಒಂದೇ ಮೆಲ್ಲಗೆ ಶುರುವಾಯಿತು.

“ಏ, ಇದೇನಲೇ, ತೊಟ್ಟಿಲ ಹಾಡು!” ಹುಡುಗರು ಗೊಣಗಿದರು. “ನಿನ್ನ ಹೆಸರು ಬರಲೇ ಇಲ್ಲ!” ಎಂದಳು ಮಹೇಶ್ವರಿ.

ಅಂಬಿಕಾ ಅಲ್ಲಿ ನಿಲ್ಲಲಿಲ್ಲ. ಅವ್ವನ ಪಕ್ಕ ಕೂತು ಆ ಕೈಯನ್ನೇ ನೋಡತೊಡಗಿದಳು. ಬ್ಯಾಂಜೋ ನಿಧಾನಕ್ಕೆ ನಡೆದಂತೆ ಬೆರಳುಗಳೂ ನಿಧಾನವಾದವು. ಹಾಡು ಮುಗಿಯುವ ಮೊದಲೇ ಸುಮ್ಮನಾದವು.

ಊಟ ಮುಗಿಸಿ ಮರಳುವಾಗ ಟಂಟಂನಲ್ಲಿ ಗದ್ದೆಮ್ಮ ಕೇಳಿದಳು: “ನಿನ್ನ ಹೆಸರು ಹೇಳಿದ್ರೇನ? ನಂಗ ಕೇಳಿಸಲೇ ಇಲ್ಲ ನೋಡು.”

“ನನ್ನ ಹಾಡು ಬಾರಿಸಿದ್ರು ಬೇ.”

“ಚಲೋ ಆತು,” ಎನ್ನುತ್ತಲೇ ಗದ್ದೆಮ್ಮ ತೂಕಡಿಸಿದಳು.

ನಾಳೆ ಕ್ಲಾಸಿನಲ್ಲಿ ಮಹೇಶ್ವರಿ ಸುಮ್ಮನಿರುವುದಿಲ್ಲ. ಇರಲಿ. ಅಂಬಿಕಾ ಅವ್ವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಟಂಟಂ ಕುಲುಕಿದರೂ ಜಾರದಂತೆ ಎರಡೂ ಕೈಯಿಂದ ಹಿಡಿದು ಕೂತಳು.