ಇಳಿಜಾರು ಎಲ್ಲಿ?

ಊರೆಲ್ಲ ಬುಗುರಿ ಎಂದು ಕರೆಯುತ್ತಿದ್ದ ಮರಗೆಲಸದವನು ತೀರಿಕೊಂಡು ಎಂಟು ತಿಂಗಳಾಗಿತ್ತು. ಆದರೂ ಅವನು ಮರ ಕಡೆಯುತ್ತಿದ್ದ ಲೇತಿನ ಮುಂದಿನ ಸ್ಟೂಲು ಬೆಚ್ಚಗಿತ್ತು. ಲೆಕ್ಕದ ಟೀಚರ್ ಅದರ ಮೇಲಿಟ್ಟ ಕೈಯನ್ನು ಥಟ್ಟನೆ ತೆಗೆದಳು.

"ಬಿಸಿಲು ಬೀಳುತ್ತಲ್ಲ, ಅದಕ್ಕೆ," ಎಂದಳು ಅವನ ಅಕ್ಕ. ಆ ಮೂಲೆಗೆ ಕಿಟಕಿಯೇ ಇರಲಿಲ್ಲ.

ಮರದ ಹೂದಾನಿ ಕಡೆದು, ಅದರ ಮೈಗೆ ಬೆಳ್ಳಿಯ ತೆಳು ಹಾಳೆ ಅಂಟಿಸುವುದು ಬುಗುರಿಯ ಕೆಲಸ. "ಹಾಳೆ ಕಡಿಮೆ ಬಿತ್ತು ಟೀಚರ್, ಲೆಕ್ಕ ನೋಡಿ," ಎಂದು ಎರಡು ವರ್ಷದ ಹಿಂದೆ ನೋಟ್‌ಬುಕ್ ಹಿಡಿದು ಅವಳ ಬಾಗಿಲಿಗೆ ಬಂದಿದ್ದ. ರೆಪ್ಪೆಯ ಮೇಲೆಲ್ಲ ಮರದ ಪುಡಿ.

"ಹೂದಾನೀನ ಸಣ್ಣ ಸಣ್ಣ ಬಳೆಗಳಾಗಿ ಕತ್ತರಿಸಿದ ಹಾಗೆ ಅಂದ್ಕೊಳ್ಳಿ. ಒಂದೊಂದರ ಮೈಯಳತೆ ತಗೊಂಡು ಇಂಟಿಗ್ರೇಟ್ ಮಾಡ್ಬೇಕು. ನೀವು ಬಳೆಯ ಅಗಲಾನ ನೆಟ್ಟಗೆ ಅಳೆದಿದ್ದೀರಿ. ಮೈ ಓರೆ ಇದೆಯಲ್ಲ, ಇಳಿಜಾರು ಎಲ್ಲಿ?"

"ನೀವು ಬಳೆ ಅಂದ್ರಲ್ಲ, ಗಮನ ನಿಮ್ಮ ಕೈಗೆ ಹೋಯ್ತು."

ಅವಳು ನಗು ನುಂಗಿ ಕೆಂಪು ಶಾಯಿಯಲ್ಲಿ ಬರೆದಳು: ಇಳಿಜಾರು ಎಲ್ಲಿ?

ಏಳು ಹೂದಾನಿ, ಏಳು ಸಲ ಅದೇ ತಪ್ಪು. ಈ ಸಲವಾದರೂ ಬಾಯಿಬಿಟ್ಟು ಏನಾದರೂ ಹೇಳುತ್ತಾನೆಂದು ಅವಳು ಕಾದದ್ದೂ ಏಳು ಸಲ. ಕೊನೆಗೆ ರೇಗಿಬಿಟ್ಟಳು. "ಕಲ್ಲಿಗಾದ್ರೂ ಪಾಠ ಹತ್ತುತ್ತೆ! ಇನ್ನು ಬರಬೇಡಿ."

ಅವನು ತಲೆಯಾಡಿಸಿ ಹೋದ. ತಿಂಗಳೊಳಗೆ ಜ್ವರ ಅವನನ್ನು ಒಯ್ದಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಸಂಜೆ ಐದಕ್ಕೆ ಅವಳ ಹೊಸಿಲಲ್ಲಿ ಹಸಿ ಮರದ ವಾಸನೆ. ಬಾಗಿಲು ತೆರೆದರೆ ಯಾರೂ ಇಲ್ಲ. ಅವನು ನಿಜವಾಗಿ ಬರುತ್ತಿದ್ದದ್ದು ಲೆಕ್ಕಕ್ಕೋ, ತನಗಾಗಿಯೋ? ಅದೊಂದು ತಿಳಿದರೆ ಸಾಕಿತ್ತು ಅವಳಿಗೆ. ಅದಕ್ಕೇ ಇವತ್ತು ಅವನ ಅಕ್ಕನ ಬಳಿ ಬಂದಿದ್ದಳು.

"ಪಾಪ, ಪ್ರತಿ ಸಲ ಬೆಳ್ಳಿ ಹಾಳೆ ಕಡಿಮೆ ಬೀಳ್ತಿತ್ತಲ್ಲ," ಎಂದಳು ಟೀಚರ್.

ಅಕ್ಕ ಹುಬ್ಬೇರಿಸಿದಳು. "ಕಡಿಮೆ? ನನ್ನ ತಮ್ಮನ ಕೈಯಲ್ಲಿ ಒಂದು ಚೂರೂ ಯಾವತ್ತೂ ಕಡಿಮೆ ಬಿದ್ದಿಲ್ಲ ಕಣಮ್ಮ. ನೋಡು."

ಲೇತಿನ ಕೆಳಗಿಂದ ಅದೇ ನೋಟ್‌ಬುಕ್ ತೆಗೆದು ಹಿಂದಿನಿಂದ ಬಿಡಿಸಿದಳು. ಕೊನೆಯ ಪುಟಗಳಲ್ಲಿ ಪೆನ್ಸಿಲಿನಲ್ಲಿ ಏಳು ಲೆಕ್ಕ. ಪ್ರತಿಯೊಂದರಲ್ಲೂ ವರ್ಗಮೂಲದೊಳಗೆ ಇಳಿಜಾರು ಅಚ್ಚುಕಟ್ಟಾಗಿ ಕೂತಿತ್ತು. ಪ್ರತಿಯೊಂದರ ತಾರೀಖೂ ಅವನು ಅವಳ ಮನೆಗೆ ಬಂದ ಹಿಂದಿನ ದಿನದ್ದು. ಮೊದಲನೆಯದೂ ಅಷ್ಟೇ.

ಕಳ್ಳ! ಕಲಿಸುವ ಮೊದಲೇ ಎಲ್ಲ ಬಲ್ಲವನಾಗಿದ್ದ.

ನೋಟ್‌ಬುಕ್ಕಿನ ಮುಂಭಾಗಕ್ಕೆ, ತಾನು ತಿದ್ದಿದ್ದ ಪುಟಗಳಿಗೆ ತಿರುಗಿಸಿದಳು. ಅವುಗಳ ನಂತರ ಅವಳು ನೋಡಿರದ ಎಂಟನೆಯ ಲೆಕ್ಕವೊಂದಿತ್ತು. ಇಳಿಜಾರು ಬೇಕೆಂದೇ ಬಿಟ್ಟದ್ದು. ಕೆಳಗೆ ಕೆಂಪು ಶಾಯಿಗೆಂದು ಎರಡು ಸಾಲಿನ ಜಾಗ ಖಾಲಿ. ಬರೆದಿಟ್ಟುಕೊಂಡಿದ್ದ, ಬರಬೇಡಿ ಎಂದದ್ದಕ್ಕೆ ಬರಲಿಲ್ಲ.

ಅವಳು ಅಳುತ್ತಲೇ ಚೀಲದಿಂದ ಕೆಂಪು ಪೆನ್ನು ತೆಗೆದಳು. ಇಳಿಜಾರು ಎಲ್ಲಿ? ಅದರ ಕೆಳಗೆ ಇನ್ನೊಂದು ಸಾಲು: ನಾಳೆ ಬನ್ನಿ.

ಮರುದಿನ ಐದು ಗಂಟೆಗೆ ಮೊದಲೇ ಅವಳು ಬಾಗಿಲು ತೆರೆದು, ಎದುರಿಗೆ ಇನ್ನೊಂದು ಕುರ್ಚಿ ಹಾಕಿ ಕೂತಳು.