ದಾರ ಸುತ್ತಿದ ಜಾಯಿಂಟು

ಏಪ್ರಿಲ್ 24, ಗುರುವಾರ, ಬೆಳಿಗ್ಗೆ 8.40. ರಾಯಚೂರಿನ ಠಾಣೆಗೆ ಬಂದವನ ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು. ಹೆಸರು ಕೃಷ್ಣ, ಗೂಗಲ್ ಎಂಬ ಹಳ್ಳಿಯ ಕಡೆಯ ಮಾಸ್ತರ, ನಗರದಲ್ಲಿ ಬಾಡಿಗೆ ಮನೆ. ಹಿಂದಿನ ಮಧ್ಯಾಹ್ನ ಅವನ ಹೆಂಡತಿ ಶಶಿಕಲಾ ಕೂಲರಿಗೆ ನೀರು ಹಾಕಲು ಹೋಗಿ ಶಾಕ್ ಹೊಡೆದು ಸತ್ತಿದ್ದಳು.

"ನಾನೇ ಬೋರ್ಡಿಗೆ ಕೈ ಹಚ್ಚೀನಿ ಅಂತ ಮನಿ ಮಾಲಕ ಓಣಿ ತುಂಬ ಹೇಳಾಕತ್ತಾನ್ರೀ ಮೇಡಂ. ನನ್ನ ಹೇಣ್ತಿನ್ನ ನಾನೇ ಕೊಂದಂಗ!"

ಪಿಎಸ್ಐ ಅನುರಾಧಾ ಅವನಿಗೆ ಮೊದಲು ನೀರು ಕೊಡಿಸಿದಳು. 9.15ಕ್ಕೆ ಎಫ್ಐಆರ್ ದಾಖಲಾಯಿತು.

10.05ಕ್ಕೆ ಪಂಚನಾಮೆ. ಮನೆ ಮಾಲೀಕ ಮುದುಕಪ್ಪ, ರೈಸ್ ಮಿಲ್ಲಿನ ಧಣಿ, ಬಾಗಿಲಲ್ಲೇ ಕಾಗದ ಚಾಚಿದ. "ಫೆಬ್ರವರಿಯಾಗ ಹಳೇ ಫ್ಯೂಸ್ ಬೋರ್ಡ್ ಕಿತ್ತಿ ಹೊಸಾದು ಹಾಕ್ಸೀನ್ರಿ. ನೋಡ್ರಿ, ತಪಾಸಣಿ ಸರ್ಟಿಫಿಕೇಟ್." ಕೆಳಗೆ ಮಿಸ್ತ್ರಿ ಕನಕರಾಯನ ಸಹಿಯಿತ್ತು.

ಕರೆಂಟ್ ಸೋರಿದರೆ ಕ್ಷಣದಲ್ಲಿ ಲೈನ್ ಕಡಿಯುವ ಟ್ರಿಪ್ಪರ್ ಹೊಸ ಬೋರ್ಡಿನಲ್ಲಿತ್ತು. ವಿದ್ಯುತ್ ಪರಿವೀಕ್ಷಣಾ ಕಚೇರಿಯ ಸೈಫುದ್ದೀನ್ ಅದರ ಪರೀಕ್ಷಾ ಗುಂಡಿ ಒತ್ತಿದ. ಟ್ರಿಪ್ಪರಿನ ಸ್ವಿಚ್ಚು ಟಪ್ಪೆಂದು ಕೆಳಗೆ ಬಿತ್ತು. ಪಡಸಾಲೆಯ ಬಲ್ಬು ಮಾತ್ರ ಉರಿಯುತ್ತಲೇ ಇತ್ತು.

"ಯಪ್ಪಾ!" ಎಂದ ಕಾನ್‌ಸ್ಟೇಬಲ್ ಯಲ್ಲಾಲಿಂಗ.

ಮುಚ್ಚಳ ತೆಗೆದರೆ, ಟ್ರಿಪ್ಪರನ್ನು ಬಿಟ್ಟು ಒಳಬರುವ ತಂತಿಯನ್ನು ಹೊರಹೋಗುವ ತಂತಿಗೆ ನೇರವಾಗಿ ಕಟ್ಟಲಾಗಿತ್ತು. ಮುದುಕಪ್ಪ ಕೃಷ್ಣನನ್ನು ದುರುಗುಟ್ಟಿ ನೋಡಿದ.

"ಮಾಸ್ತರ, ಈ ಮುಚ್ಚಳ ಯಾವಾಗರ ತೆಗದೀರೇನು?" ಅನುರಾಧಾ ಕೇಳಿದಳು.

"ಇಲ್ರೀ. ಕೂಲರ್ ಹಚ್ಚಿದ್ರ ಸಾಕು, ಟ್ರಿಪ್ ಆಕ್ಕಿತ್ತು. ಮಿಸ್ತ್ರಿಗೆ ಫೋನ್ ಮಾಡಿದ್ವಿ. ಬಂದು ರಿಪೇರಿ ಮಾಡಿ ಹೋದ."

"ಆವಾಗ ನೀವು ಇದ್ರೇನು?"

"ಇಲ್ರೀ. ಶಶಿ ಒಬ್ಬಾಕೆನ ಇದ್ಲು."

ಇದ್ದ ಒಬ್ಬಳೇ ಸಾಕ್ಷಿಯೂ ಹೋಗಿದ್ದಳು. ಅನುರಾಧಾ ಆ ಜಾಯಿಂಟಿನ ಮೇಲೆ ಟಾರ್ಚ್ ಬಿಟ್ಟಳು. ಕಪ್ಪು ಟೇಪಿನ ಮೇಲೆ ಬಿಳಿ ನೂಲಿನ ದಾರ ಒತ್ತೊತ್ತಾಗಿ ಸುತ್ತಿ, ತುದಿಗೆ ಎರಡು ಗಂಟು. ಫೆಬ್ರವರಿಯಲ್ಲಿ ಕೆಲಸ ನಡೆದಿದ್ದ ಮೀಟರ್ ಪೆಟ್ಟಿಗೆ, ಫ್ಯಾನಿನ ಬುಡ, ಎಲ್ಲ ಕಡೆ ತೆಗೆಸಿ ನೋಡಿದಳು. ಅದೇ ದಾರ, ಅದೇ ಎರಡು ಗಂಟು.

"ಹಳೇ ಮಂದಿ ಕೆಲಸ್ರೀ ಇದು," ಎಂದ ಸೈಫುದ್ದೀನ್. "ಬ್ಯಾಸಗ್ಯಾಗ ಟೇಪಿನ ಅಂಟು ಕರಗತದಂತ ಮ್ಯಾಲೆ ದಾರ ಸುತ್ತತಾರ. ಈಗ ಇಷ್ಟು ಜ್ವಾಕಿಲೆ ಸುತ್ತಾವ ಕನಕರಾಯ ಒಬ್ನ."

ಅನುರಾಧಾ ಮಾಲೀಕನತ್ತ ತಿರುಗಿದಳು. "ನಿಮ್ಮ ಎಷ್ಟು ಬಾಡಿಗಿ ಮನಿಗೆ ಬೋರ್ಡ್ ಹಾಕ್ಯಾನ?"

"ಮೂರಕ್ಕರೀ. ಇದೊಂದು, ದೇವದುರ್ಗದಾಗೊಂದು, ಮಾನ್ವ್ಯಾಗೊಂದು."

"ಅಲ್ಲೂ ಟ್ರಿಪ್ ಆಗತದಂತ ತಕರಾರಿತ್ತೇನು?"

"ಇತ್ರೀ. ಈಗ ಬಂದ್ ಆಗ್ಯಾವ."

ಅಲ್ಲೂ ತಂತಿ ನೇರ ಕಟ್ಟಿದ್ದಾನೆ ಎಂದು ಅನುರಾಧಾಳಿಗೆ ಹೊಳೆಯಿತು. ತಕರಾರು ನಿಂತಿದೆ ಎಂದರೆ ಆ ಎರಡು ಮನೆಗಳಲ್ಲೂ ಸಾವು ಕೂಲರಿನೊಳಗೆ ಕೂತಿದೆ ಎಂದೇ ಅರ್ಥ. ಅದೂ ಏಪ್ರಿಲ್ ಬಿಸಿಲು. ಮಧ್ಯಾಹ್ನ ಒಂದಾದರೆ ಕೂಲರಿಗೆ ನೀರು ಹಾಕದ ಮನೆಯಿಲ್ಲ.

11.10ಕ್ಕೆ ಎರಡೂ ಠಾಣೆಗಳಿಗೆ ಫೋನ್ ಹೋಯಿತು. ಕನಕರಾಯನ ಮೊಬೈಲ್ ಬಂದ್ ಆಗಿತ್ತು. 11.45ಕ್ಕೆ ದೇವದುರ್ಗದಿಂದ ಉತ್ತರ ಬಂತು: ಜಾಯಿಂಟು ಕಿತ್ತಿದೆ, ಬೆಳಿಗ್ಗೆ ಹತ್ತೂವರೆಗೇ ಮಿಸ್ತ್ರಿ ಬೈಕಿನಲ್ಲಿ ಬಂದು ಹೋಗಿದ್ದಾನೆ. ಮಾನ್ವಿಯ ಬಾಡಿಗೆದಾರಳು ಮುನವ್ವರ್ ಬೀ. ಅವಳ ಫೋನ್ ನಂಬರೂ ಇಲ್ಲ, ಮನೆ ನಂಬರೂ ಇಲ್ಲ. "ಮಸೂತಿ ಹಿಂದಿನ ಓಣಿ, ಅಷ್ಟ ಗೊತ್ರೀ. ಹೋದ್ರ ತೋರಸ್ತೀನಿ," ಎಂದ ಮುದುಕಪ್ಪ. ಬಾಡಿಗೆ ಮನೆಯ ಹೊಸ್ತಿಲು ತುಳಿದು ಎಷ್ಟು ವರ್ಷವಾಗಿತ್ತೋ ಮಹಾರಾಯ! ಅನುರಾಧಾ ಅವನನ್ನೂ ಸೈಫುದ್ದೀನನನ್ನೂ ಜೀಪಿಗೆ ಹತ್ತಿಸಿಕೊಂಡಳು.

ಮಾನ್ವಿಯ ಪೊಲೀಸರು ಓಣಿಯಲ್ಲಿ ಮನೆ ಮನೆ ಬಾಗಿಲು ತಟ್ಟುತ್ತಿದ್ದರು. 1.05ಕ್ಕೆ ಮುದುಕಪ್ಪ ಬೆರಳು ತೋರಿಸಿದ ಮನೆಯೊಳಗೆ ಅನುರಾಧಾ ನುಗ್ಗಿದಳು. ಮುದುಕಿ ಮುನವ್ವರ್ ಬೀ ಕೊಡ ಎತ್ತಿ ಕೂಲರಿನತ್ತ ಬಾಗಿದ್ದಳು.

"ಯವ್ವಾ! ಮುಟ್ಟಬ್ಯಾಡ!"

ಕೊಡ ಕೆಳಗೆ ಬಿದ್ದು ಪಡಸಾಲೆಯೆಲ್ಲ ನೀರಾಯಿತು.

"ಮೇನ್ ಬಂದ್ ಮಾಡೀನ್ರೀ," ಎಂಬ ದನಿ ಮೂಲೆಯಿಂದ ಬಂತು. ಸ್ಟೂಲಿನ ಮೇಲೆ ನಿಂತಿದ್ದ ಕನಕರಾಯ ತಿರುಗಲೂ ಇಲ್ಲ. "ನಿನ್ನೆ ಸುದ್ದಿ ಕೇಳ್ದಾಗಿಂದ ಕಣ್ಣು ಮುಚ್ಚಿಲ್ರೀ. ಇದೇ ಕಡೀದು, ಬಿಚ್ಚಿ ನಾನೇ ಠಾಣೆಗೆ ಬರ್ತೀನಿ."

"ಕೈ ತೆಗಿ. ಕೆಳಗ ಇಳಿ."

ಸೈಫುದ್ದೀನ್ ಜಾಯಿಂಟನ್ನು ಕತ್ತರಿಸಿದ. ಯಲ್ಲಾಲಿಂಗ ಅದನ್ನು ಕವರಿಗೆ ಹಾಕಿ ಸೀಲ್ ಮಾಡಿದ. ಎಲ್ಲರನ್ನೂ ದೂರ ನಿಲ್ಲಿಸಿ ಮೇನ್ ಕೊಟ್ಟು ಕೂಲರ್ ಹಚ್ಚಿದರು. ಟಪ್ಪೆಂದು ಟ್ರಿಪ್ಪರ್ ಬಿದ್ದು ಮನೆಯ ಕರೆಂಟೆಲ್ಲ ಹೋಯಿತು.

"ಫಿರ್ ಬಂದ್ ಹೋ ಗಯಾ? ಮತ್ತ ಬಂದಾತೇನು?" ಮುನವ್ವರ್ ಬೀ ರೇಗಿದಳು. "ಎಂಥಾ ಬೋರ್ಡೋ ಮಿಸ್ತ್ರಿ ನಿಂದು!"

"ಬೋರ್ಡ್ ಛಲೋನ ಅದ ಯವ್ವಾ," ಎಂದಳು ಅನುರಾಧಾ. "ನಿನ್ನ ಕೂಲರಿನಾಗ ಕರೆಂಟ್ ಸೋರಾಕತ್ತದ."

1.40ಕ್ಕೆ ಬಂಧನ. ಸಂಜೆ 4.30ಕ್ಕೆ ಹೇಳಿಕೆ ಬರೆದುಕೊಳ್ಳುವಾಗ ಅನುರಾಧಾ ಕೇಳಿದಳು: "ಟ್ರಿಪ್ ಆದ್ರ ಎಲ್ಲೋ ಸೋರತದಂತ ನಿನಗ ಗೊತ್ತಿತ್ತು. ಕೂಲರ್ ಯಾಕ ನೋಡ್ಲಿಲ್ಲ?"

"ಕೂಲರ್ ನಂದಲ್ಲಲ್ರೀ ಮೇಡಂ. ಬೋರ್ಡ್ ನಂದು." ಕನಕರಾಯ ತನ್ನ ಅಂಗೈ ನೋಡಿಕೊಂಡ. "ಮೂವತ್ತು ವರ್ಷ ಯಾರೂ ನನ್ನ ಕೆಲಸಕ್ಕ ಕೆಟ್ಟ ಹೆಸರಿಟ್ಟಿಲ್ಲ. ಈ ಟ್ರಿಪ್ಪರ್ ಬಂದಮ್ಯಾಲೆ ದಿನಾ ಫೋನ್. ಮೂರೂ ಊರಾಗ ಮಂದಿ ನಕ್ರು. ಕನಕರಾಯಗ ಹೊಸ ಬೋರ್ಡ್ ಬರಂಗಿಲ್ಲ ಅಂದ್ರು."

ಅನುರಾಧಾ ಬರೆಯುತ್ತಲೇ ಇದ್ದಳು. ಸಿಟ್ಟಿನಿಂದ ಅವಳ ಅಕ್ಷರಗಳು ದಪ್ಪವಾಗಿದ್ದವು.

"ನೇರ ಕಟ್ಟಿದ ದಿನ ಶಶಿಕಲಾ ಅಕ್ಕಾರು ಕೂಲರ್ ಹಚ್ಚಿದ್ರು. ನಿಲ್ಲದಂಗ ತಿರುಗ್ತು. ಚಾ ಕೊಟ್ಟು, ಈಗ ನೋಡ್ರಿ ಮಿಸ್ತ್ರಿ, ಕೆಲಸ ಅಂದ್ರ ಇದು ಅಂದ್ರು. ಆ ದಿನ ನನಗ ಭಾಳ ಖುಷಿ ಆಗಿತ್ರೀ."

ಅನುರಾಧಾ ಆ ವಾಕ್ಯವನ್ನೂ ಬರೆದುಕೊಂಡು, ಸಹಿಗಾಗಿ ಹಾಳೆಯನ್ನು ಅವನ ಮುಂದೆ ಸರಿಸಿದಳು.