ಗುಬ್ಬಿಯ ಕಲ್ಲು

"ಕಲ್ಲು ಮನೆಯಿಂದ ತಂದಿದ್ದೀರಾ, ಇಲ್ಲ ಅಲ್ಲೇ ಹುಡುಕ್ಕೊಂಡ್ರಾಯ್ತು ಅಂತ ಹೊರಟಿದ್ದೀರಾ?"

ಕೇಳಿದ್ದು ಟೀ ಅಂಗಡಿಯ ಮುದುಕಿ, ಲೋಟ ತೊಳೆಯುತ್ತಲೇ, ತಲೆ ಎತ್ತದೆ. ಅಳಿಯನಿಗೆ ನಗು ತಡೆಯಲಾಗಲಿಲ್ಲ. ಅವಳ ಅಂಗಡಿಯ ಹಿತ್ತಲಿನಿಂದಲೇ ಆ ಕೊರಕಲು ನೆಲ ಶುರುವಾಗುತ್ತಿತ್ತು. ಮರವಿಲ್ಲ, ಗುಡಿಸಲಿಲ್ಲ, ಕಣ್ಣು ಹಾಯುವಷ್ಟು ದೂರ ಗಾಳಿ ಮಳೆ ಕೊರೆದು ಬಿಟ್ಟ ಕಲ್ಲಿನ ಕಂಬಗಳು. ಕೆಲವು ಟೋಪಿ ಹಾಕಿಕೊಂಡವು, ಕೆಲವು ಸೊಂಟ ಸವೆದವು, ಇನ್ನು ಕೆಲವು ಒಂದಕ್ಕೊಂದು ವಾಲಿ ಯಾರದೋ ಮೇಲೆ ಚಾಡಿ ಹೇಳುತ್ತಿರುವಂತೆ ನಿಂತವು. ಅಂಥ ಜಾಗಕ್ಕೆ ಕಲ್ಲು ಹೊತ್ತುಕೊಂಡು ಹೋಗಬೇಕಂತೆ.

"ಅಲ್ಲಜ್ಜಿ, ಸಮುದ್ರ ನೋಡೋಕೆ ಹೋಗೋರು ಕೊಡದಲ್ಲಿ ಉಪ್ಪುನೀರು ತುಂಬ್ಕೊಂಡು ಹೋಗ್ತಾರಾ?" ಎಂದ.

ಮುದುಕಿ ನಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಅವನ ಮಾವನೇ ಸಮಾಧಾನ ಮಾಡಿದರು. ಅವರು ಮೂವತ್ತು ವರ್ಷ ಅಂಗಡಿಗಳಿಗೆ ಬೋರ್ಡ್ ಬರೆದ ಪೇಂಟರು. ಈಗ ಕೈ ನಡುಗುತ್ತದೆಂದು ಕುಂಚ ಕೆಳಗಿಟ್ಟವರು. "ತಂದಿದ್ದೀವಿ ತಾಯಿ, ಒಲೆಯ ಕಲ್ಲು ಮೂರೂ ಇವೆ. ಇವರು ಹೊಸಬರು, ನನಗೆ ಗೊತ್ತಲ್ಲ," ಎಂದರು.

ಅಳಿಯ ಟೀ ಲೋಟದೊಳಗೆ ನೋಡತೊಡಗಿದ. ಮೂರಿರಲಿಲ್ಲ. ಗೋಣಿಚೀಲದಲ್ಲಿ ಇದ್ದದ್ದು ಎರಡೇ. ಮೂರನೆಯದನ್ನು ಬೆಳಿಗ್ಗೆ ಅವನೇ ತೆಗೆದು ಮನೆಯಲ್ಲಿಟ್ಟು ಬಂದಿದ್ದ.

ಅವನು ಲಿಫ್ಟ್ ರಿಪೇರಿಯವನು. ಬಿಚ್ಚಿ ನೋಡಿದರೆ ಕಾಣುವಂಥದ್ದನ್ನು ಮಾತ್ರ ನಂಬುವ ಕಸುಬು. ಮುದುಕಿ ಕೈ ಒರೆಸಿಕೊಂಡು ಹೇಳಿದ ಕತೆ ಅವನಿಗೆ ಬರೀ ಹೊತ್ತು ಕಳೆಯುವ ಮಾತಾಗಿ ಕೇಳಿಸಿತು. ಹಿಂದೆ ಆ ಕೊರಕಲಿನಲ್ಲಿ ಒಂದು ಮನೆಯಿತ್ತಂತೆ, ಅದರಲ್ಲಿ ಮಾಟ ಬಲ್ಲ ಒಬ್ಬ ಹೆಂಗಸಿದ್ದಳಂತೆ. ನೀರು ಬತ್ತಿ ಮನೆಯವರು ಗಂಟುಮೂಟೆ ಕಟ್ಟಿದಾಗ ಮಕ್ಕಳನ್ನು ಕರೆದರು, ಕುರಿಗಳನ್ನು ಕರೆದರು, ಅವಳನ್ನು ಕರೆಯಲಿಲ್ಲ. ಕೇಳಿದವರಿಗೆ, ಮರೆತೇ ಹೋಯಿತು ಅಂದರಂತೆ. ಅವಳು ತಲೆಗೂದಲು ಕಿತ್ತು, ಆರಿದ ಒಲೆಯ ಬೂದಿಯಲ್ಲಿ ಕಲಸಿ, ಅಲ್ಲಿನ ಕಲ್ಲುಕಲ್ಲಿಗೂ ಹಚ್ಚಿದಳು. ಈ ಕಲ್ಲಿನ ಮೇಲೆ ಅನ್ನ ಬೇಯಿಸಿದವರು ಯಾರೇ ಇರಲಿ, ನಾನು ಅವರ ಮನೆಯವಳು ಎಂದು ಕಟ್ಟು ಹಾಕಿದಳು.

"ಅವಳು ಒಳಗೆ ಬಂದ್ರೆ ಒಬ್ಬರು ಹೊರಗೆ ಹೋಗ್ಬೇಕು," ಎಂದಳು ಮುದುಕಿ. "ಯಾರ ಕಲ್ಲಿನ ಜಾಗದಲ್ಲಿ ಕೂರ್ತಾಳೋ, ಅವರ ಜಾಗ ಅವಳದ್ದು. ಅವಳನ್ನ ಮರೆತ ಹಾಗೇ ಅವರನ್ನೂ ಮರೀತಾರೆ."

"ನಮ್ಮನೇಲಿ ಜಾಗ ಬೇಕಾದಷ್ಟಿದೆ ಅಜ್ಜಿ. ಬರ್ಲಿ ಬಿಡಿ, ಅಡುಗೆ ಮಾಡೋರಿಲ್ಲ," ಎಂದು ಅಳಿಯ ಎದ್ದ.

ತಮಾಷೆಗೆ ಆಡಿದ ಮಾತು. ಇಬ್ಬರೂ ಗಾಡಿ ಹತ್ತಿದರು. ಆದರೆ ಮನೆಯಲ್ಲಿ ಜಾಗ ಇದ್ದದ್ದು ನಿಜವಲ್ಲವೇ.

ಆ ಜಾಗ ಗುಬ್ಬಿಯದು. ಮಾವನ ಒಬ್ಬಳೇ ಮಗಳು, ಅವನ ಹೆಂಡತಿ. ಆಳು ಮೊಳದಷ್ಟು, ಮಾತು ಮಾರುದ್ದ. ಬಾಣಲೆಯಲ್ಲಿ ಹುರಿಯುವ ಕಾಳಿನ ಹಾಗೆ ಚಟಪಟ ಅನ್ನುತ್ತಲೇ ಇರುವವಳು. ಗಂಜಿಗೆ ಉಪ್ಪು ಹಾಕಿ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು, "ರೀ, ಉಪ್ಪು ನೋಡಿ," ಎಂದು ಗಂಡನ ಬಾಯಿಯ ತನಕ ಕೈ ತರುವವಳು. ಅವನು ಲಿಫ್ಟಿನ ಗ್ರೀಸು ಮೆತ್ತಿದ ಕೈಯಲ್ಲಿ ಬಾಗಿಲಲ್ಲಿ ನಿಂತಿದ್ದರೂ ಸರಿ, ಫೋನಿನಲ್ಲಿ ಮಾತಾಡುತ್ತಿದ್ದರೂ ಸರಿ. ಮಳೆಗಾಲ ಮುಗಿದೊಡನೆ ಅಪ್ಪ ಮಗಳು ಈ ಕೊರಕಲಿಗೆ ಬಂದು ಒಂದು ರಾತ್ರಿ ಕಳೆಯುವುದು ಅವಳ ಬಾಲ್ಯದಿಂದ ನಡೆದುಬಂದದ್ದು. ಡೇರೆ ಇಲ್ಲ, ಲೈಟಿಲ್ಲ. ಒಂದು ಪಾತ್ರೆ, ಎರಡು ಕಂಬಳಿ, ಮನೆಯ ಮೂರು ಕಲ್ಲು. ಮದುವೆಯಾದ ಮೇಲೆ ಗಂಡನನ್ನೂ ಕರೆದಳು. ಮುಂದಿನ ಸಲ, ಮುಂದಿನ ಸಲ ಎನ್ನುತ್ತಲೇ ಅವನು ದಿನ ದೂಡಿದ. ಹೋದ ವರ್ಷ ಒಂದು ಜ್ವರ ಬಂತು, ಮುಂದಿನ ಸಲ ಎನ್ನುವುದೇ ಇಲ್ಲದ ಹಾಗಾಯಿತು.

ಈಗ ಮನೆಯಲ್ಲಿ ಮಾವ, ಅಳಿಯ. ಒಲೆಯ ಎರಡು ಕಲ್ಲಿನ ಹಾಗೆ. ಎಷ್ಟು ಹತ್ತಿರ ಸರಿಸಿದರೂ ಪಾತ್ರೆ ನಿಲ್ಲುವುದಿಲ್ಲ. ದಿನಾ ಸಂಜೆ ಅವಳ ಮಾತೆತ್ತಿ, ಅದರ ಬಿಸಿಯಲ್ಲಿ ಊಟ ಮುಗಿಸುವುದು. ಅಳಿಯ ಯಾರಿಗೂ ಹೇಳದ ಒಂದು ಹೆದರಿಕೆ ಇತ್ತು: ಅವಳ ಮಾತುಗಳೆಲ್ಲ ನೆನಪಿವೆ, ದನಿ ಮಾತ್ರ ಸವೆಯುತ್ತಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರೆ ಒಮ್ಮೊಮ್ಮೆ ತನ್ನದೇ ದನಿ ಕೇಳುತ್ತದೆ. ಅವಳು ಕೂತೆದ್ದ ಜಾಗಕ್ಕೆ ಹೋದರೆ ಸಿಕ್ಕೀತು ಎಂದುಕೊಂಡೇ ಮಾವ ಕರೆದಾಗ ಹೂಂ ಅಂದಿದ್ದ.

ಕಲ್ಲನ್ನು ಬಿಟ್ಟು ಬಂದದ್ದೂ ಅದಕ್ಕೇ. ಮೂರರಲ್ಲಿ ಒಂದು ಮಾವನದು, ಒಂದು ಎಂದೋ ತೀರಿಹೋದ ಅತ್ತೆಯದು, ಒಂದು ಗುಬ್ಬಿಯದು. ಅಳಿಯನದು ಯಾವುದು ಎಂದು ಕೇಳಿದರೆ, "ಅಳಿಯ ಅಂದ್ರೆ ಪಾತ್ರೆ, ಮೂವರೂ ಸೇರಿ ಹೊರಬೇಕು," ಎಂದು ಮಾವ ನಗಿಸುತ್ತಿದ್ದರು. ಗುಬ್ಬಿ ಸಣ್ಣವಳಿದ್ದಾಗ ಅಪ್ಪನ ಡಬ್ಬಿಯ ತಳದ ಬಣ್ಣದಲ್ಲಿ ತನ್ನ ಕಲ್ಲಿಗೆ ಎರಡು ಕಣ್ಣು ಬರೆದಿದ್ದಳು, ಒಂದು ದೊಡ್ಡದು, ಒಂದು ಚಿಕ್ಕದು. ಬೆಂಕಿಯ ಎದುರು ಕೂತು ಕೂತು ಚಿಕ್ಕ ಕಣ್ಣು ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಇನ್ನೊಂದು ಸಲ ಒಲೆ ಹೂಡಿದರೆ ಅದೂ ಇಲ್ಲ. ಗಾಡಿಗೆ ಸಾಮಾನು ಹೇರುವಾಗ ಆ ಕಣ್ಣು ಅವನನ್ನೇ ನೋಡಿತು. ಅವಳ ಹಳೆಯ ಶಾಲಿನಲ್ಲಿ ಸುತ್ತಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟುಬಿಟ್ಟ. ಮಾವನಿಗೆ ಹೇಳಲಿಲ್ಲ. ಅಲ್ಲಿ ಕಲ್ಲಿಗೇನು ಬರ ಎಂದು ತನಗೆ ತಾನೇ ಹೇಳಿಕೊಂಡ.

ತಲುಪುವಾಗ ಬಿಸಿಲು ಇಳಿಯುತ್ತಿತ್ತು. ಕಂಬಗಳ ನಡುವಿನ ಒಂದು ಬಟ್ಟಲಿನಂಥ ತಗ್ಗು ತೋರಿಸಿ, ನಮ್ಮ ಜಾಗ ಇದೇ ಎಂದರು ಮಾವ. ಕಾದ ಕಲ್ಲು ತಣಿಯುವಾಗ ಹಸಿ ಇಟ್ಟಿಗೆ ಸುಟ್ಟಂಥ ವಾಸನೆ. ಗಾಳಿ ಕಂಬಗಳ ತೂತಿನಲ್ಲಿ ನುಸುಳಿ ಸೀಸೆಯ ಬಾಯಿ ಊದಿದ ಹಾಗೆ ಶಬ್ದ ಮಾಡುತ್ತಿತ್ತು. ಮಾವ ಒಲೆಗೆ ಒಣ ಪುರಳೆ ಕಡ್ಡಿ ಆರಿಸಿಕೊಂಡು ಬರುತ್ತೇನೆಂದು ನಿಧಾನ ನಡೆದರು. ಅಳಿಯ ಎರಡು ಕಲ್ಲು ಹೂಡಿ, ಮೂರನೆಯದಕ್ಕೆ ಸುತ್ತ ನೋಡಿದ. ಕಾಲ ಬಳಿಯೇ ಬೂದು ಬಣ್ಣದ ಒಂದು ಗುಂಡುಕಲ್ಲು. ಬಗ್ಗಿ ಎತ್ತಿದ. ಎತ್ತಿಕೋ ಎಂದು ಕಾಯುತ್ತಿದ್ದ ಕೂಸಿನಂತೆ, ಭಾರವೇ ಇಲ್ಲದೆ ಕೈಗೆ ಬಂತು.

ಸುತ್ತ ಸಿಕ್ಕ ಕಡ್ಡಿಗಳಿಂದಲೇ ಒಲೆ ಹತ್ತಿತು. ನೀರು ಕುದಿಯಿತು, ಅಕ್ಕಿ ಬಿತ್ತು. ಹೊಗೆಯಲ್ಲಿ ಕೂದಲು ಸುಟ್ಟ ಕಮಟು. ಯಾವುದೋ ಮುಳ್ಳುಕಡ್ಡಿ ಇರಬೇಕು ಎಂದುಕೊಂಡ.

ಮಾವ ಬಂದವರು ಒಲೆ ನೋಡಿದರು. ತೋಳಿನಲ್ಲಿದ್ದ ಪುರಳೆ ಜಾರಿ ಬಿತ್ತು.

"ಅವಳ ಕಲ್ಲೆಲ್ಲಿ?"

"ಮನೇಲಿದೆ ಮಾವ. ಕಣ್ಣು ಅಳಿಸಿಹೋಗ್ತಿತ್ತು. ನನ್ನ ಕೈಲಿ ಆಗ್ಲಿಲ್ಲ." ಆಮೇಲೆ ಧೈರ್ಯ ತಂದುಕೊಂಡು ನಗಲು ನೋಡಿದ. "ಹೋಗೋಕೆ ಅವಳೆಲ್ಲಿದ್ದಾಳೆ ಈಗ? ಹೋಗೇ ಆಯ್ತಲ್ಲ."

"ಸತ್ತೋರು ಮನೆಯಿಂದ ಹೊರಗೆ ಹೋಗಿರ್ತಾರೆ ಅಂದ್ಕೊಂಡ್ರಾ?" ಮಾವನ ದನಿ ಒಡೆದಿತ್ತು. "ದಿನಾ ಸಂಜೆ ನಮ್ಮ ಜೊತೆ ಊಟಕ್ಕೆ ಕೂರೋದು ಯಾರು ಮತ್ತೆ? ಇಳಿಸಿ ಪಾತ್ರೆನ. ಇಳಿಸಿ."

ಅಳಿಯ ಬಟ್ಟೆ ಸುತ್ತಿ ಪಾತ್ರೆಗೆ ಕೈ ಹಾಕಿದ. ಆಗ ಗಾಳಿ ನಿಂತಿತು.

ಊದುತ್ತಿದ್ದ ತೂತುಗಳೆಲ್ಲ ಒಮ್ಮೆಗೇ ಉಸಿರು ಹಿಡಿದವು. ಬೆಳಕು ಹೊಗೆಯಷ್ಟೇ ಉಳಿದಿತ್ತು. ಹೊಗೆಯ ಆ ಕಡೆ, ಮೂರನೆಯ ಕಲ್ಲಿನ ಹಿಂದೆ, ಯಾರೋ ಕುಕ್ಕರುಗಾಲಲ್ಲಿ ಕೂತ ಸದ್ದು. ಬಟ್ಟೆ ಸರಿದ ಸದ್ದು. ಬಳೆ.

"ರೀ, ಉಪ್ಪು ನೋಡಿ."

ಅದೇ ದನಿ. ಸವೆದಿರಲಿಲ್ಲ. ಕೊನೆಯಲ್ಲಿ ಚೂರು ಎಳೆಯುವುದು, ಎಳೆದು ನಗುವುದು, ಎಲ್ಲ ಇತ್ತು. ವರ್ಷವಿಡೀ ಹುಡುಕಿದ್ದು ಕೈಯಳತೆಯಲ್ಲಿ ಕೂತಿತ್ತು. ಹೊಗೆ ಸೀಳಿ ಒಂದು ಅಂಗೈ ಅವನ ಬಾಯಿಯ ತನಕ ಬಂತು. ಅಂಗೈಯಲ್ಲಿ ಒಂದು ತೊಟ್ಟು ಗಂಜಿ.

"ಬೇಡಪ್ಪಾ," ಎಂದರು ಮಾವ. ಅಷ್ಟು ವರ್ಷದಲ್ಲಿ ಮೊದಲ ಸಲ ಅಳಿಯನಿಗೆ ನೀನು ಎಂದರು. "ಅವಳಲ್ಲ ಅದು. ನೋಡು, ಕೈ ನೋಡು. ನಾಲಿಗೆಗೆ ಹಚ್ಚಬೇಡ ಮಗನೇ."

ಅವನಿಗೂ ಕಂಡಿತ್ತು. ಬೆರಳು ಉದ್ದ ಇದ್ದವು. ತೀರಾ ಉದ್ದ. ಉಗುರಿನಲ್ಲಿ ಬೂದಿ. ಗೊತ್ತಾಗಿಯೂ ಅವನು ಬಗ್ಗಿದ. ಇಲ್ಲ ಎಂದರೆ ಆ ದನಿ ಇನ್ನೊಂದು ಸಲ ಸಾಯುತ್ತದೆ. ಒಂದೇ ಒಂದು ಸಲ. ಅವಳು ಕೇಳಿದ್ದಕ್ಕೆ ಉತ್ತರ ಕೊಡದೆ ಹೇಗಿರುವುದು. ನಾಲಿಗೆ ಚಾಚಿದ.

ಬೂದಿ. ಬರೀ ತಣ್ಣನೆ ಬೂದಿ.

"ಸರಿಯಿದೆ," ಎಂದ. ಅಭ್ಯಾಸ. ಬಾಯಿಂದ ತಾನಾಗಿ ಬಂತು.

ಅಂಗೈ ಮುಚ್ಚಿಕೊಂಡಿತು. ಯಾರೋ ನಿಟ್ಟುಸಿರು ಬಿಟ್ಟರು, ಬಹಳ ಕಾಲ ಹೊಸ್ತಿಲ ಹೊರಗೆ ನಿಂತು ಒಳಗೆ ಬಂದವರ ಹಾಗೆ. ಮಾವ ಪಾತ್ರೆಗೆ ಒದ್ದರು. ಗಂಜಿ ಚೆಲ್ಲಿತು. ಬೆಂಕಿ ಸುಂಯ್ ಎಂದಿತು. ಕತ್ತಲೆ. ತಡಕಿದರೆ ಎರಡು ಕಲ್ಲು ಕೈ ಸುಟ್ಟವು. ಮೂರನೆಯದು ಮಂಜುಗಡ್ಡೆ. ಅಳಿಯ ಮಾವನ ರಟ್ಟೆ ಹಿಡಿದ. ಓಡಿದ. ಕಂಬಗಳು ದಾರಿಗೆ ಬಂದವು. ಬಂದಾಗ ಅವು ಅಲ್ಲಿರಲಿಲ್ಲ. ಹಿಂದೆ ಬಳೆಯ ಸದ್ದು. ಪಕ್ಕದಲ್ಲಿ ಬಳೆಯ ಸದ್ದು. ಗಾಡಿ. ಬೀಗ. ಬಾಗಿಲು. ಬಳೆಯ ಸದ್ದು ಒಳಗಿನಿಂದ ಬಂತು, ಒಂದೇ ಒಂದು ಸಲ. ಆಮೇಲೆ ಎಂಜಿನ್ ಸದ್ದು ಬಿಟ್ಟರೆ ಏನೂ ಇಲ್ಲ.

ರಾತ್ರಿಯಿಡೀ ದಾರಿ ತಪ್ಪಿ ಸುತ್ತಿ, ಬೆಳಗಾಗುವ ಹೊತ್ತಿಗೆ ಡಾಂಬರು ರಸ್ತೆ ಸಿಕ್ಕಿತ್ತು. ಟೀ ಅಂಗಡಿಯ ಮುದುಕಿ ಬಾಗಿಲು ತೆಗೆಯುತ್ತಿದ್ದಳು. ನಿಧಾನ ಹಾದುಹೋಗುತ್ತಿದ್ದ ಗಾಡಿಯೊಳಗೆ ಒಮ್ಮೆ ಇಣುಕಿ, ಹಿಂದಿನ ಸೀಟು ನೋಡಿ, ಮುಖ ತಿರುಗಿಸಿದಳು. ಅಳಿಯ ನಿಲ್ಲಿಸಲಿಲ್ಲ. ಇಬ್ಬರೂ ಉಸಿರಾಡುತ್ತಿದ್ದೇವಲ್ಲ, ಅಷ್ಟೇ ಸಾಕು ಎಂದುಕೊಂಡ. ತಪ್ಪಿಸಿಕೊಂಡೆವು ಎಂದೇ ಅವನು ನಂಬಿದ್ದ.

ಸುಮಾರು ದೂರ ಬಂದ ಮೇಲೆ ಮಾವ ಬಾಯಿ ಬಿಟ್ಟರು.

"ನನ್ನ ಮಗಳು ಇದ್ದಿದ್ರೆ ಹೀಗೆ ಹೆದರಿ ಓಡ್ತಿರ್ಲಿಲ್ಲ ಅಳಿಯಂದ್ರೇ. ಆ ಎತ್ತರ ಏನು, ಆ ಗಾಂಭೀರ್ಯ ಏನು. ದಿನಕ್ಕೆ ಎರಡು ಮಾತಾಡಿದ್ರೆ ಹೆಚ್ಚು."

ಅಳಿಯ ಗಾಡಿಯ ವೇಗ ತಗ್ಗಿಸಿದ. "ಯಾರ ವಿಷಯ ಹೇಳ್ತಿದ್ದೀರಾ ಮಾವ? ಗುಬ್ಬಿ ಎಲ್ಲಿ ಎತ್ತರ?"

"ಗುಬ್ಬಿ ಯಾರು?"

ಅವನು ಗಾಡಿ ಪಕ್ಕಕ್ಕೆ ಹಾಕಿ ಪರ್ಸಿನಿಂದ ಮದುವೆಯ ಫೋಟೋ ತೆಗೆದ. ಅವನ ಪಕ್ಕ ಒಬ್ಬ ಎತ್ತರದ ಹೆಂಗಸು ನಿಂತಿದ್ದಳು. ಬೂದುಗಣ್ಣು. ಉದ್ದನೆಯ ಬೆರಳು ಅವನ ತೋಳು ಹಿಡಿದಿದ್ದವು. ಅವಳು ಇವನಲ್ಲದೆ ಮತ್ತೆ ಯಾರನ್ನೂ ನೋಡುತ್ತಿರಲಿಲ್ಲ. ಮಾವ ಫೋಟೋ ಇಸಿದುಕೊಂಡು, ಆ ಮುಖವನ್ನು ಹೆಬ್ಬೆರಳಿನಿಂದ ಸವರಿ, ಹೆತ್ತ ಮಗಳಿಗೆ ಅಳುವ ಹಾಗೆಯೇ ಅತ್ತರು. ಆ ಅಳುವಿನಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಅದನ್ನು ನೋಡಲಾಗದೆ ಅಳಿಯ ಕಿಟಕಿಯ ಕಡೆ ತಿರುಗಿ, ಗುಬ್ಬಿ, ಗುಬ್ಬಿ, ಗುಬ್ಬಿ ಎಂದು ಬಾಯಲ್ಲೇ ಹೇಳಿಕೊಂಡ. ಹೇಳುತ್ತಿದ್ದರೆ ಉಳಿದೀತು ಎಂದು.

ಊರು ಬರುವ ತನಕ ಹೇಳಿದ. ಟ್ರಾಫಿಕ್ಕಿನಲ್ಲಿ ಯಾರೋ ಅಡ್ಡ ಬಂದರು, ಬೈದ. ಬೈದು ಮುಗಿಸುವಷ್ಟರಲ್ಲಿ ಏನು ಹೇಳುತ್ತಿದ್ದೆ ಎಂಬುದು ತಪ್ಪಿಹೋಯಿತು. ಯಾವುದೋ ಹಕ್ಕಿಯ ಹೆಸರು. ಯಾವ ಹಕ್ಕಿ?

ಸಂಜೆ ಅಡುಗೆಮನೆಯಲ್ಲಿ ಮಾವ ಅಕ್ಕಿ ಡಬ್ಬಿ ಎಳೆದರು. ಹಿಂದೆ ಶಾಲಿನ ಗಂಟೊಂದು ಉರುಳಿ ಬಂತು. ಬಿಚ್ಚಿದರೆ ಒಂದು ಕಲ್ಲು, ಅದರ ಮೇಲೆ ಎರಡು ಕಣ್ಣು. ಒಂದು ದೊಡ್ಡದು, ಇನ್ನೊಂದು ಅಳಿಸಿಹೋಗುತ್ತಿರುವ ಚಿಕ್ಕದು. ಬೋರ್ಡ್ ಬರೆದ ಕೈ ಆ ಗೆರೆಯ ಮೇಲೆ ಒಂದು ಗಳಿಗೆ ನಿಂತಿತು.

"ಬಣ್ಣ ನನ್ನ ಡಬ್ಬಿದೇ. ಯಾವ ಮಗು ಬರೀತೋ ಪಾಪ," ಎಂದರು. "ನಮ್ಮದು ಅಲ್ಲ. ನಮ್ಮ ಹುಡುಗಿ ಸಣ್ಣವಳಿದ್ದಾಗ್ಲೂ ಇಂಥ ತುಂಟಾಟ ಆಡಿದವಳಲ್ಲ. ಹೊರಗಿಡಿ ಅಳಿಯಂದ್ರೇ, ಯಾರಾದ್ರೂ ಹುಡುಕ್ಕೊಂಡು ಬರಬಹುದು."

"ಹೂಂ," ಎಂದ ಅಳಿಯ. ಬಾಯಲ್ಲಿ ಇನ್ನೂ ಬೂದಿಯ ರುಚಿಯಿತ್ತು. "ಗಂಜಿಗೆ ಉಪ್ಪು ಹಾಕಿದ್ರಾ ಮಾವ?"

"ಅವಳು ಹೋದ ಮೇಲೆ ಉಪ್ಪು ಯಾರಿಗೆ ಬೇಕು. ಅವಳಿಗೆ ಆಗ್ತಿರ್ಲಿಲ್ಲವಲ್ಲ."

ಅದೂ ಸರಿಯೇ ಎನ್ನಿಸಿತು. ಅವನು ಕಲ್ಲನ್ನು ಎತ್ತಿಕೊಂಡ. ಭಾರವಾಗಿತ್ತು, ಎರಡೂ ಕೈ ಬೇಕಾಯಿತು. ಬಾಗಿಲು ದಾಟಿ, ಮೆಟ್ಟಿಲ ಪಕ್ಕ ಇಳಿಸಿ, ಒಳಗೆ ಹೋಗಲು ತಿರುಗಿದ. ಏಕೋ ಕಾಲು ಬರಲಿಲ್ಲ. ಮತ್ತೆ ಬಗ್ಗಿ, ಎರಡು ಕಣ್ಣೂ ಬಾಗಿಲ ಕಡೆ ಬರುವ ಹಾಗೆ ಕಲ್ಲನ್ನು ತಿರುಗಿಸಿ ಇಟ್ಟ. ಆಮೇಲೆ ಬಾಗಿಲು ಹಾಕಿಕೊಂಡ.